ನಾಲ್ಕು ತಾಲ್ಲೂಕಿನ ಬೆಟ್ಟ ತೋರಿಸಿದವನಿಗೆ

ಪುರವರ
ಏಪ್ರಿಲ್ ೧೯೮೫, ಗುರುವಾರ

ಗೆಳೆಯ ಕಾಟಪ್ಪನಿಗೆ,

ಇತ್ತ ಕ್ಷೇಮ, ಅತ್ತ ಕ್ಷೇಮವೇ ಎಂದು ಶುರು ಮಾಡಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ನಲವತ್ತು ಮಕ್ಕಳಿಗೆ ಪತ್ರ ಬರೆಯುವುದು ಹೇಗೆಂದು ಕಲಿಸುವ ಮೇಷ್ಟ್ರಿಗೆ ಮೊದಲ ಸಾಲೇ ಬರಲಿಲ್ಲ. ಮೊನ್ನೆ ಸೋಮವಾರ ನಿನ್ನ ಎರಡನೇ ಮದುವೆಯಾಯಿತು. ನಾನು ಮೊದಲ ಪಂಕ್ತಿಯಲ್ಲೇ ಕೂತು ಹೊಟ್ಟೆ ತುಂಬ ಉಂಡು ಬಂದೆ. ಆ ಮದುವೆಯನ್ನು ನಿಲ್ಲಿಸಬಲ್ಲ ಮಾತೊಂದು ಒಂಬತ್ತು ವರ್ಷದಿಂದ ನನ್ನ ಬಾಯಲ್ಲಿದೆ. ನಿನಗೆ ಮಕ್ಕಳಾಗದಿರುವುದಕ್ಕೆ ಗಿರಿಯಮ್ಮ ಕಾರಣಳಲ್ಲ, ನಾನು ಕಾರಣ. ನಿನಗೂ ಇದು ಗೊತ್ತು, ನನಗೂ ಗೊತ್ತು. ನಿಮ್ಮ ಹಟ್ಟಿಯ ಮಿಕ್ಕ ಯಾರೊಬ್ಬರಿಗೂ ಗೊತ್ತಿಲ್ಲ. ಮೊನ್ನೆ ನಿನ್ನ ಪಕ್ಕ ತಲೆ ಬಗ್ಗಿಸಿ ಕೂತಿದ್ದ ಹದಿನೆಂಟರ ಆ ಕ್ಯಾತಮ್ಮನಿಗಂತೂ ಗೊತ್ತೇ ಇಲ್ಲ.

ನಿನಗೆ ಓದಲು ಬಾರದು. ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತು, ಅಕ್ಷರ ತಿದ್ದಲಾರದೆ ಸಿಟ್ಟಿಗೆ ಸ್ಲೇಟು ಒಡೆದು ಎದ್ದುಹೋದವನು, ಮಾರನೆಯ ದಿನದಿಂದ ಕುರಿಗಳ ಹಿಂದೆ ಬಿದ್ದೆ. ಅಂದಿನಿಂದ ನಿಮ್ಮ ಮನೆಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳಿದವನು ನಾನೇ. ಇದನ್ನು ಅಂಚೆಗೆ ಹಾಕಿದರೂ ನೀನು ಹಿಡಿದುಕೊಂಡು ಬರುವುದು ನನ್ನ ಜಗಲಿಗೇ. ಆಗ ನಿನ್ನ ಮುಂದೆ ಕೂತು ಒಂದೂ ಸಾಲು ಬಿಡದೆ ಓದಬೇಕು ಎಂದುಕೊಂಡಿದ್ದೇನೆ. ಆ ಎದೆಗಾರಿಕೆ ಇದ್ದಿದ್ದರೆ ಈ ಕಾಗದವೇ ಬೇಕಿರಲಿಲ್ಲ ಎಂದು ನೀನು ಹೇಳಬಹುದು. ಹೌದು, ಬೇಕಿರಲಿಲ್ಲ.

ಎಪ್ಪತ್ತಾರರ ಬೇಸಿಗೆಯಲ್ಲಿ ನಾವು ಜೀಪಿನಲ್ಲಿ ಸುತ್ತಿದ್ದು ನೆನಪಿದೆಯಲ್ಲ. ಆ ಜೀಪು ಯಾಕೆ ಬಂತು ಎಂಬುದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲ. ನಾನಿನ್ನೂ ತಾತ್ಕಾಲಿಕ ಮೇಷ್ಟ್ರು. ರಜ ಬಿಡುವ ಹಿಂದಿನ ದಿನ ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಮೇಲಿನವರೊಬ್ಬರು ಹೇಳಿದರು: ಕುಟುಂಬ ಯೋಜನೆಯ ಆಪರೇಷನ್ನಿಗೆ ಒಬ್ಬೊಬ್ಬರೂ ಒಂದೊಂದು ಕೇಸು ತರಬೇಕು, ತರದವರ ನೌಕರಿ ಖಾಯಂ ಆಗುವುದಿಲ್ಲ. ಕೇಸು ಎಂದರೆ ಮನುಷ್ಯ. ಕೇಸು ಸಿಗದಿದ್ದರೆ ನೀವೇ ಮಲಗಿ ಎಂದೂ ನಗುತ್ತ ಹೇಳಿದರು. ಸರೋಜ ಆಗ ಐದು ತಿಂಗಳ ಬಸುರಿ, ನಮ್ಮ ಚೊಚ್ಚಲು. ಒಂದೇ ಮಗು ಸಾಕು ಎನ್ನುವ ಧೈರ್ಯ ನನಗಿರಲಿಲ್ಲ. ಹದಿನೈದು ದಿನ ಊರೂರು ತಿರುಗಿದೆ. ನಾಲ್ಕೈದು ಮಕ್ಕಳಾಗಿದ್ದ ಗಂಡಸರು ನನ್ನ ಸೈಕಲ್ಲು ಕಂಡರೆ ಹೊಲದ ಬದು ಹಾರುತ್ತಿದ್ದರು. ಓಡದೆ ನಿಂತು ‘ಏನ್ಲಾ ಲಿಂಗ, ಸೊರಗ್ಬುಟ್ಟಿದ್ದೀಯಲ್ಲೋ’ ಎಂದು ಕೇಳಿದವನು ನೀನೊಬ್ಬನೇ.

ಆಗ ನಿನಗೆ ಇಪ್ಪತ್ತನಾಲ್ಕು. ಗಿರಿಯಮ್ಮನ ಜೊತೆ ಮದುವೆ ಗೊತ್ತಾಗಿ ಇನ್ನು ಇಪ್ಪತ್ತು ದಿನವಿತ್ತು. ಅದು ಗೊತ್ತಿದ್ದೇ ನಿನ್ನನ್ನು ಕರೆದೆ. ಸರ್ಕಾರದ ಜೀಪೊಂದು ಔಷಧಿ ಪೆಟ್ಟಿಗೆ ತಲುಪಿಸಲು ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತುತ್ತದೆ, ಎರಡು ದಿನದ ಪಯಣ, ಒಂದು ಸೀಟು ಖಾಲಿ ಇದೆ ಎಂದೆ. ‘ನಾನು ಪುಸ್ತಕದಲ್ಲಿ ಪ್ರಾಣಿ ನೋಡಿದವನು, ನೀನು ಕಣ್ಣಲ್ಲಿ ನೋಡಿದವನು, ಬಾ, ನನಗೂ ತೋರಿಸು’ ಎಂದೆ. ಅದೊಂದು ಮಾತು ಸುಳ್ಳಾಗಿರಲಿಲ್ಲ. ನಿನ್ನ ಮುಖ ಹಿಗ್ಗಿದ್ದು ಈಗಲೂ ಕಣ್ಣ ಮುಂದಿದೆ. ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ, ಮದುವೆಗೆಂದು ಹೊಲಿಸಿದ್ದ ತಿಳಿನೀಲಿ ಅಂಗಿ ತೊಟ್ಟು ಬಂದೆ. ‘ಅದನ್ನ ಈಗ್ಲೇ ಯಾಕೆ ಹಾಕ್ಕೊಂಡ್ಯೋ’ ಎಂದಿದ್ದಕ್ಕೆ ‘ಜೀಪಲ್ಲಿ ಕುಂತೋನು ಕಂಬ್ಳಿ ಹೊದ್ಕಂಡ್ರೆ ಕಳ್ಳನ್ನ ಹಿಡ್ಕಂಡೋದಂಗೆ ಕಾಣ್ತದೆ ಕಣ್ಲಾ’ ಎಂದೆ.

ಡ್ರೈವರ್ ಪೆದ್ದಣ್ಣ ಪಾವಗಡದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಜೀಪು ಯಾಕೆ ಹೊರಟಿದೆ ಎಂಬುದು ಅವನಿಗೆ ಗೊತ್ತಿತ್ತು. ನಿನ್ನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಗಾಡಿ ಎತ್ತಿದ. ಇನ್ನೂ ಬೆಳಕು ಹರಿಯುತ್ತಿತ್ತು. ಹೊಳವನಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದ ಗಂಡಸರು ನಮ್ಮ ಜೀಪು ಕಂಡದ್ದೇ ತಡ, ಬೀಡಿ ಎಸೆದು, ಬುತ್ತಿ ಬಿಟ್ಟು, ಸಂದಿಗೊಂದಿ ಹಿಡಿದು ಓಡಿದರು. ಒಂದು ನಿಮಿಷದಲ್ಲಿ ಅಲ್ಲಿ ಹೆಂಗಸರು ಮಾತ್ರ ಉಳಿದರು. ನೀನು ಬಿದ್ದು ಬಿದ್ದು ನಕ್ಕೆ. ‘ಏನ್ಲಾ ಇದು, ತೋಳ ಕಂಡ ಕುರಿಯಂಗೆ ಓಡ್ತಾರೆ. ನಾವೇನ್ ಅವರ್ನ ತಿಂತೀವಾ?’ ನಾನೂ ನಕ್ಕೆ. ಪೆದ್ದಣ್ಣ ನಗಲಿಲ್ಲ.

ಕೊರಟಗೆರೆ ದಾಟಿದ ಮೇಲೆ ನೀನು ಸುಮ್ಮನೆ ಕೂರಲೇ ಇಲ್ಲ. ಬಲಕ್ಕೆ ಎಡಕ್ಕೆ ಎಲ್ಲ ಕಡೆ ಬೆಟ್ಟ. ಬಿಸಿಲಿಗೆ ಬಂಡೆಗಳು ಬೆಳ್ಳಗಾಗಿದ್ದವು, ಬುಡದಲ್ಲಿ ಮಾತ್ರ ಕುರುಚಲು ಹಸಿರು. ನಾನು ಮೇಷ್ಟ್ರ ಗತ್ತಿನಲ್ಲಿ ‘ಅದು ಚನ್ನರಾಯನದುರ್ಗ, ಅಲ್ಲಿ ಪಾಳೆಯಗಾರರ ಕೋಟೆ ಇತ್ತು’ ಎಂದರೆ, ನೀನು ‘ಕೋಟೆ ಕತೆ ನಿನ್ನ ಮಕ್ಕಳಿಗೆ ಹೇಳು, ಆ ಸಂದೀಲಿ ನೀರಿನ ದೊಣೆ ಐತೆ, ಈ ಬ್ಯಾಸ್ಗೇಲೂ ಬತ್ತಲ್ಲ, ಅಲ್ಲಿಗೆ ಕರಡಿ ಬತ್ತದೆ’ ಎಂದೆ. ಪೆದ್ದಣ್ಣನ ಭುಜ ಹಿಡಿದು ಗಾಡಿ ನಿಲ್ಲಿಸಿದೆ. ನಾವು ಮೂವರೂ ಹಾಗೇ ಕೂತೆವು. ನನಗೆ ಬರೀ ಕಲ್ಲು ಕಾಣುತ್ತಿತ್ತು. ನೀನು ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದೆ. ಕಪ್ಪು ಕಲ್ಲೊಂದು ಎದ್ದು ನಡೆಯಿತು. ಅದರ ಬೆನ್ನ ಮೇಲೆ ಎರಡು ಮರಿಗಳು ಕೂದಲು ಕಚ್ಚಿ ಹಿಡಿದು ಕೂತಿದ್ದವು. ನಾನು ಹುಟ್ಟಿದಾಗಿನಿಂದ ಈ ಬೆಟ್ಟಗಳ ಕೆಳಗೇ ಇದ್ದವನು, ಅಂಥದ್ದನ್ನು ನೋಡಿರಲಿಲ್ಲ.

‘ಅವ್ವ ಅಂದ್ರೆ ಅದು’ ಎಂದೆ ನೀನು. ‘ನಮ್ ಗಿರಿಯಮ್ಮ ಮಗೂನ ಹೊತ್ಕಳಲ್ಲ ಅಂದ್ರೆ ನಾನೇ ಇಂಗೆ ಬೆನ್ನ ಮೇಲೆ ಕುಂಡ್ರಿಸ್ಕಂಡು ಕುರಿ ಹಿಂದೆ ಹೋಗ್ತೀನಿ. ಎಲ್ಡಾದ್ರೆ ಎಲ್ಡು.’ ಮದುವೆಗೆ ಮೊದಲೇ ಮಗು ಹೊರುವ ಮಾತೇ ಎಂದು ನಾನು ರೇಗಿಸಿದೆ. ಪೆದ್ದಣ್ಣ ಗೇರು ಹಾಕುವುದನ್ನು ಬಿಟ್ಟು ನನ್ನ ಕಡೆ ತಿರುಗಿದ. ಮದುವೆ ಆಗಿಲ್ಲವೆಂಬುದು ಅವನಿಗೆ ಆಗಲೇ ಗೊತ್ತಾದದ್ದು. ಮಧುಗಿರಿಯಲ್ಲಿ ನೀನು ಕಾಫಿ ಕುಡಿಯುತ್ತಿದ್ದಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು ‘ಇದು ಪಾಪಂ ಸಾಮಿ. ಪೆಳ್ಳಿ ಕಾನಿ ಪಿಲ್ಲೋಡು, ಮದ್ವೇನೇ ಆಗಿಲ್ಲ. ಬೇಡ ಅನ್ರಿ, ವಾಪಸ್ ಬುಟ್ಟು ಬರ್ತೀನಿ’ ಎಂದ. ಅಲ್ಲಿಂದ ಪುರವರ ಎಷ್ಟು ದೂರ, ಒಂದು ಗಂಟೆಯೂ ಇಲ್ಲ. ನಾನು ಬೇಡ ಎನ್ನಲಿಲ್ಲ. ನೀನು ಆ ಹೊತ್ತಿಗೆ ಲೋಟ ಕೈಯಲ್ಲಿ ಹಿಡಿದು ಮಧುಗಿರಿಯ ಏಕಶಿಲೆಯ ಬೆಟ್ಟ ನೋಡುತ್ತ, ಬಂಡೆಯ ಹೊಟ್ಟೆಯಲ್ಲಿ ನೇತಾಡುತ್ತಿದ್ದ ಹೆಜ್ಜೇನುಗಳನ್ನು ಎಣಿಸುತ್ತಿದ್ದೆ. ಹನ್ನೊಂದು ಎಂದೆ. ನಾನೂ ಎಣಿಸಿ ಹನ್ನೊಂದು ಎಂದು ಒಪ್ಪಿಕೊಂಡೆ.

ಆ ರಾತ್ರಿ ಸಿರಾದಲ್ಲಿ ಪೆದ್ದಣ್ಣನ ಪರಿಚಯದವರ ಜಗಲಿಯ ಮೇಲೆ ಮಲಗಿದೆವು. ಬೆಳಿಗ್ಗೆ ಪಾವಗಡದ ದಾರಿ ಹಿಡಿದಾಗ ಬೆಟ್ಟಗಳು ದೂರ ದೂರ ಸರಿದು ನಡುವೆ ಬಯಲು ಬಂತು. ಒಂದು ಹಳ್ಳದ ಹತ್ತಿರ ತೋಳವೊಂದು ರಸ್ತೆ ದಾಟಿತು. ನಾಯಿ ಎಂದೆ ನಾನು. ನಿನಗೆ ಮೈಯೆಲ್ಲ ಕೋಪ ಬಂತು. ಕುರಿ ಕಾಯುವವನಿಗೆ ತೋಳವೆಂದರೆ ಶತ್ರು ಅಲ್ಲವೇ ಎಂದಿದ್ದಕ್ಕೆ, ‘ಅದು ಹೊಟ್ಟೆಗೆ ತಿಂತದೆ. ಮುಂದ್ಗಡೆಯಿಂದ ಬತ್ತದೆ. ಅದ್ನ ನಾಯಿ ಅಂತೀಯಲ್ಲೋ’ ಎಂದೆ. ಅಷ್ಟು ಹೊತ್ತಿಗೆ ಪಾವಗಡದ ಬೆಟ್ಟ ಕಾಣಿಸಿತ್ತು.

ಆಪರೇಷನ್ ಕ್ಯಾಂಪು ನಡೆದ ಊರಿನ ಹೆಸರು ಬರೆಯುವುದಿಲ್ಲ. ಆ ಊರಿನವರು ನಮಗೇನೂ ಮಾಡಿಲ್ಲ. ರಜ ಬಿಟ್ಟಿದ್ದ ಶಾಲೆಯೊಂದರಲ್ಲಿ ಬೆಂಚು ಜೋಡಿಸಿ ಮೇಜು ಮಾಡಿದ್ದರು. ನಿನಗೆ ಏನು ಹೇಳಿದೆನೆಂದು ನಿನಗೆ ಗೊತ್ತಿದೆ: ಬೇಸಿಗೆಗೆ ಕಾಲರಾ ಬರುತ್ತದೆ, ಒಂದು ಸೂಜಿ ಹಾಕಿಸಿಕೊಂಡು ಹೋಗೋಣ, ಮದುವೆ ಗಂಡಿಗೆ ಒಳ್ಳೆಯದು. ಆದರೆ ಕಾಗದದಲ್ಲಿ ಏನು ಬರೆದೆನೆಂದು ನಿನಗೆ ಗೊತ್ತಿಲ್ಲ. ಮಕ್ಕಳಿಲ್ಲದವರನ್ನು ಮಲಗಿಸುವ ಹಾಗಿರಲಿಲ್ಲ, ಅವರ ರೂಲ್ಸಿನಲ್ಲಿ. ಅದಕ್ಕೇ ನನ್ನ ದುಂಡು ಅಕ್ಷರದಲ್ಲಿ ನಿನ್ನ ವಯಸ್ಸು ಮೂವತ್ತೈದು ಎಂದು ಬರೆದೆ. ಹೆಂಡತಿ ಗಿರಿಯಮ್ಮ ಎಂದು ಬರೆದೆ. ಮಕ್ಕಳು ಮೂವರು ಎಂದು ಬರೆದು, ಹೆಸರಿನ ಜಾಗ ಖಾಲಿ ಬಿಡಬಾರದೆಂದು ಅವರಿಗೆ ಹೆಸರನ್ನೂ ಇಟ್ಟೆ. ಓಬಳಪ್ಪ, ಎಂಟು ವರ್ಷ. ನಾಗಕ್ಕ, ಆರು ವರ್ಷ. ಜುಂಜಪ್ಪ, ಮೂರು. ನಿನ್ನ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿದೆ. ಏನು ಬರೆದೆ ಎಂದು ನೀನು ಕೇಳಿದೆ. ನಿನ್ನ ಹೆಸರು ಎಂದೆ. ‘ಇಷ್ಟುದ್ದ ಐತಾ ನನ್ ಹೆಸ್ರು?’ ಎಂದು ಹೆಮ್ಮೆಯಿಂದ ಆ ಕಾಗದ ನೋಡಿದೆ.

ನೀನು ಒಳಗೆ ಹೋದಾಗ ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಸುತ್ತ ಹತ್ತು ಹಟ್ಟಿಗಳಲ್ಲಿ ಟಗರು ಮರಿಗಳ ಬೀಜ ಒಡೆಯಲು ಕರೆಯುತ್ತಿದ್ದುದು ನಿನ್ನನ್ನೇ. ಆ ಕೆಲಸ ನಿನ್ನಷ್ಟು ಬಲ್ಲವರಿರಲಿಲ್ಲ. ಮಂದೆಗೆ ಯಾವ ಟಗರು ಉಳಿಯಬೇಕು, ಯಾವುದು ಉಳಿಯಬಾರದು ಎಂದು ಕೈಯಲ್ಲಿ ಹಿಡಿದೇ ಹೇಳುತ್ತಿದ್ದೆ. ಅಂಥವನಿಗೆ ಮೇಜಿನ ಮೇಲೆ ಏನು ನಡೆಯುತ್ತಿದೆ ಎಂದು ತಿಳಿಯಲು ಎಷ್ಟು ಹೊತ್ತು ಬೇಕು. ನಾನು ಇದನ್ನು ಮೊದಲೇ ಯೋಚಿಸಿರಲಿಲ್ಲ. ಓದು ಬರಹ ಬಾರದವನಿಗೆ ಏನೂ ತಿಳಿಯುವುದಿಲ್ಲವೆಂದು ನಂಬಿದ್ದೆ, ನೋಡು, ಮೇಷ್ಟ್ರ ಬುದ್ಧಿ. ಒಳಗಿನಿಂದ ಒಮ್ಮೆ ನನ್ನ ಹೆಸರು ಕೂಗಿದ್ದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ನೀನು ಹೊರಗೆ ಬಂದಾಗ ನೀಲಿ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕೈಯಲ್ಲಿ ಅವರು ಕೊಟ್ಟ ಒಂದು ಡಬ್ಬಿ ತುಪ್ಪ. ಗೊಲ್ಲರ ಹಟ್ಟಿಯವನಿಗೆ ಸರ್ಕಾರ ತುಪ್ಪ ಕೊಟ್ಟಿತ್ತು. ಡಬ್ಬಿಯನ್ನು ಜೀಪಿನಲ್ಲಿಟ್ಟು, ಕಂಬಿ ಹಿಡಿದು ನಿಧಾನ ಹತ್ತಿ ಕೂತೆ. ‘ಲಿಂಗ, ನಾ ಟಗರಿಗೆ ಮಾಡೋವಾಗ ಹಿಡ್ಕಳಕೆ ಒಬ್ಬ ಸಾಕು ಕಣ್ಲಾ. ನಂಗೆ ನಾಕು ಜನ ಹಿಡ್ಕಂಡಿದ್ರು. ನೀನ್ ಬಂದಿದ್ರೆ ಸುಮ್ಕೆ ಮಲೀಕಂಡಿರ್ತಿದ್ದೆ.’ ಎಂದೆ ನೀನು. ನೀನು ಹೊಡೆಯುತ್ತೀಯ ಎಂದು ಕಾದೆ. ಹೊಡೆದಿದ್ದರೆ ನಾನು ಈ ಒಂಬತ್ತು ವರ್ಷದಲ್ಲಿ ಸ್ವಲ್ಪವಾದರೂ ನಿದ್ದೆ ಮಾಡುತ್ತಿದ್ದೆನೇನೋ.

ವಾಪಸು ಬಂದದ್ದು ಮಿಡಿಗೇಶಿಯ ಮೇಲೆ. ಪೆದ್ದಣ್ಣ ಒಂದೊಂದು ಹಳ್ಳಕ್ಕೂ ಜೀಪು ನಿಲ್ಲಿಸಿದಂತೆ ಮಾಡಿ ಇಳಿಸುತ್ತಿದ್ದ. ಪ್ರತಿ ಕುಲುಕಿಗೂ ನಿನ್ನ ಹಲ್ಲು ಕಚ್ಚುವ ಸದ್ದು ನನಗೆ ಕೇಳುತ್ತಿತ್ತು. ಆದರೂ ನೀನು ಕೆಲಸ ನಿಲ್ಲಿಸಲಿಲ್ಲ. ‘ಅಗಾ, ಆ ಬಂಡೆ ಮೇಲೆ ನವಿಲು, ಗಂಡು.’ ‘ಅಗಾ, ನರಿ.’ ತೋರಿಸು ಎಂದು ಕೇಳಿ ಕರೆತಂದಿದ್ದೆನಲ್ಲ, ಅದಕ್ಕೆ ತೋರಿಸುತ್ತಲೇ ಇದ್ದೆ. ಮೈದನಹಳ್ಳಿಯ ಹುಲ್ಲುಗಾವಲಿಗೆ ಬರುವಾಗ ಬಿಸಿಲು ಇಳಿದಿತ್ತು. ಇನ್ನೂರಕ್ಕೆ ಕಡಿಮೆ ಇಲ್ಲದ ಜಿಂಕೆ ಹಿಂಡು, ನಡುವೆ ಕೊಂಬು ತಿರುಚಿದ ಕರಿ ಗಂಡೊಂದು ತಲೆಯೆತ್ತಿ ನಿಂತಿತ್ತು. ಹೆಣ್ಣುಗಳು ನೆಗೆದು ನೆಗೆದು ಓಡಿದವು, ಮರಿಗಳೂ ಹಾಗೇ ನೆಗೆದವು. ಅಷ್ಟು ಚೆಂದದ್ದನ್ನು ನಾನು ಆಮೇಲೆ ನೋಡಿಲ್ಲ. ಆ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿ ಹಾಕಿ ಕೂರುತ್ತೇನೆ. ‘ಸಾಕಾ?’ ಎಂದು ಕೇಳಿದೆ ನೀನು. ‘ಎಲ್ಲಾ ತೋರ್ಸ್ದೆ. ಸಾಕಾ?’

ಹಟ್ಟಿಯ ಹೊರಗೆ ಇಳಿದಾಗ ಕೇಳಿದ್ದು ಒಂದೇ ಮಾತು. ‘ಮದ್ವೆ ಬ್ಯಾಡ ಅಂದ್ಬುಡ್ಲೇನ್ಲಾ?’ ಅಲ್ಲಿಯಾದರೂ ನಾನು ಹೌದು ಎನ್ನಬಹುದಿತ್ತು. ಎಂದಿದ್ದರೆ ಯಾಕೆಂದು ಹಟ್ಟಿ ಕೇಳುತ್ತಿತ್ತು, ನನ್ನ ಹೆಸರು ಬರುತ್ತಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದನ್ನು ಮತ್ತೆ ಜೋಡಿಸುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ, ನೀನು ನಿಶ್ಚಿಂತೆಯಿಂದ ಮದುವೆಯಾಗು ಎಂದೆ. ನೀನು ನಂಬಿದೆ. ಆ ವರ್ಷ ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಬಂದು ‘ಬೆಂಗ್ಳೂರಿಗೆ ಯಾವಾಗ?’ ಎಂದೆ. ಮರುವರ್ಷವೂ ಬಂದೆ. ಐದು ವರ್ಷ ಕೇಳಿ ಆರನೇ ವರ್ಷ ಕೇಳಲಿಲ್ಲ. ನಾನು ಒಬ್ಬ ಡಾಕ್ಟರನ್ನು ವಿಚಾರಿಸಿದ್ದೆ. ಜೋಡಿಸಬಹುದು, ಬೇಗ ಬಂದರೆ ಒಳ್ಳೆಯದು, ಆದರೆ ಯಾರು ಮಾಡಿದ್ದು, ಮಕ್ಕಳಿಲ್ಲದವನಿಗೆ ಹೇಗೆ ಮಾಡಿದರು ಎಂದು ಆತ ಕೇಳಿದ. ಅಲ್ಲಿಂದ ಎದ್ದು ಬಂದವನು ಮತ್ತೆ ಆ ಕಡೆ ಹೋಗಲಿಲ್ಲ.

ಗಿರಿಯಮ್ಮನನ್ನು ಬಂಜೆ ಎಂದವರ ಲೆಕ್ಕ ನಿನಗಿಂತ ನನಗೆ ಚೆನ್ನಾಗಿ ಗೊತ್ತು, ಶಾಲೆಯ ಮುಂದಿನ ಬಾವಿಯಲ್ಲಿ ನೀರು ಸೇದುವವರ ಮಾತೆಲ್ಲ ನನಗೆ ಕೇಳುತ್ತದೆ. ಹೆರಿಗೆಯಾದವರ ಮನೆಗೆ ಅವಳನ್ನು ಕರೆಯುವುದು ಬಿಟ್ಟರು. ತುಮಕೂರಿನ ಡಾಕ್ಟರ ಹತ್ತಿರ ಹೋದಿರಲ್ಲ, ಅವರು ಬರೆದುಕೊಟ್ಟ ಚೀಟಿಯನ್ನು ನನ್ನ ಕೈಗೇ ಕೊಟ್ಟಿರಿ. ಅದರಲ್ಲಿ ಹೆಂಗಸಿಗೆ ಯಾವ ದೋಷವೂ ಇಲ್ಲ, ಗಂಡನನ್ನು ಪರೀಕ್ಷೆಗೆ ಕಳಿಸಿ ಎಂದಿತ್ತು. ರಕ್ತ ಕಡಿಮೆಯಂತೆ, ಟಾನಿಕ್ ಕುಡಿಯಬೇಕಂತೆ ಎಂದು ಓದಿದೆ. ಗಿರಿಯಮ್ಮ ಆ ಟಾನಿಕ್ಕನ್ನು ಎರಡು ವರ್ಷ ಕುಡಿದಳು. ನನ್ನ ಮಗಳನ್ನು ಕಂಡರೆ ಮಡಿಲಲ್ಲಿ ಕಡಲೆಕಾಯಿ ಕಟ್ಟಿಕೊಂಡು ಬರುತ್ತಾಳೆ, ಆದರೆ ಮುಟ್ಟುವುದಿಲ್ಲ, ತನ್ನ ಕಣ್ಣು ಬಿದ್ದೀತೆಂದು ಕೆಳಗಿಟ್ಟು ಹೋಗುತ್ತಾಳೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳೇ ಶಾಲೆಗೆ ಬಂದಳು. ಸಿರಾ ಕಡೆ ಹುಡುಗಿ ನೋಡಿದ್ದೀವಿ, ಕ್ಯಾತಮ್ಮ ಅಂತ, ಇವರು ಎರಡು ವರ್ಷದಿಂದ ಒಲ್ಲೆ ಒಲ್ಲೆ ಅಂತಾರೆ ಎಂದಳು. ‘ನಿಮ್ ಮಾತು ತೆಗ್ದಾಕಲ್ಲ ಮೇಷ್ಟ್ರೆ. ನೀವೊಂದ್ ಮಾತು ಹೇಳಿ. ನಾನ್ ಅವಳ ಮಗೂನ ಆಡಿಸ್ಕಂಡಿರ್ತೀನಿ.’ ಕೈ ಮುಗಿದಳು ಕಾಟಪ್ಪ, ನನಗೆ. ಅವತ್ತು ಅವಳಿಗೆ ನಿಜ ಹೇಳಬೇಕಿತ್ತು. ಅದನ್ನು ಬಿಟ್ಟು ನಿನ್ನ ಕುರಿರೊಪ್ಪಕ್ಕೆ ಬಂದೆ. ನೀನು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದೆ. ಹಟ್ಟಿಯವರ ಮಾತಿಗೆ ಒಪ್ಪಿಕೋ, ಒಪ್ಪದಿದ್ದರೆ ಕಾರಣ ಕೇಳುತ್ತಾರೆ ಎಂದೆ. ನೀನು ತಲೆಯೆತ್ತಿ ನನ್ನ ಮುಖ ನೋಡಿದೆ. ‘ಇದ್ನೂ ನೀನೇ ಹೇಳ್ತೀಯಾ?’ ಎಂದೆ. ಹೂಂ ಎಂದೆ ನಾನು. ನೀನು ಮುಳ್ಳು ತೆಗೆದು ಮರಿಯನ್ನು ಬಿಟ್ಟು ‘ಆಯ್ತು ಬುಡು’ ಎಂದೆ.

ನಿನ್ನನ್ನು ಉಳಿಸಲು ಸುಮ್ಮನಿದ್ದೇನೆ ಎಂದೇ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೊರಬಿದ್ದರೆ ಹಟ್ಟಿಯಲ್ಲಿ ನೀನು ಮುಖವೆತ್ತಿ ನಡೆಯಲಾರೆ, ಟಗರು ಹಿಡಿದರೆ ಜನ ನಗುತ್ತಾರೆ, ಅದಕ್ಕಿಂತ ಗುಟ್ಟು ಗುಟ್ಟಾಗಿರುವುದೇ ವಾಸಿ ಎಂದು. ಮೊನ್ನೆ ಊಟವಾದ ಮೇಲೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ನೀನು ಎಲೆ ಅಡಿಕೆ ಹಿಡಿದು ಚಪ್ಪರದ ಆಚೆಗೆ ಬಂದೆಯಲ್ಲ, ಅಲ್ಲಿಯವರೆಗೂ ಹಾಗೇ ನಂಬಿದ್ದೆ. ಬಾಸಿಂಗದ ದಾರ ಹಣೆಯ ಮೇಲೆ ಗೆರೆ ಎಳೆದಿತ್ತು. ಸುತ್ತ ಯಾರೂ ಇರಲಿಲ್ಲ. ನೀನು ಸಿಟ್ಟಿನಿಂದ ಹೇಳಲಿಲ್ಲ. ದಾರಿ ಕೇಳಿದವರಿಗೆ ಹೇಳುವ ಹಾಗೆ ಹೇಳಿದೆ.

‘ತಾಳಿ ಕೈಲಿ ಹಿಡ್ಕಂಡು ನಿನ್ನೇ ನೋಡ್ದೆ ಕಣ್ಲಾ ಲಿಂಗ. ಈಗ ಎದ್ದು ಹೇಳ್ತಾನೆ, ಈಗ ಹೇಳ್ತಾನೆ ಅಂತ. ಕಟ್ಟಪ್ಪ ಕಟ್ಟಪ್ಪ ಅಂತ ಎಲ್ಡು ಸಲ ಅಂದ್ರು, ಕಟ್ಟಲಿಲ್ಲ. ನಾ ಹೇಳಿದ್ರೆ ಯಾರ್ ನಂಬ್ತಾರೆ, ಒಲ್ಲೆ ಅನ್ನಕೆ ನೆಪ ಅಂತಾರೆ. ಬರ್ದೋನು ನೀನು, ನೀ ಹೇಳಿದ್ರೆ ನಂಬ್ತಿದ್ರು. ಒಂಬತ್ತು ವರ್ಷ ಅದ್ಕೇ ಕಾದೆ. ನೀನು ಕೈಲಿದ್ದ ಅಕ್ಷತೆ ನೋಡ್ಕಂಡ್ ನಿಂತಿದ್ದೆ.’

ನಿಂತಿದ್ದೆ. ನೀನು ಕಟ್ಟಿದೆ. ಎಲ್ಲರ ಜೊತೆ ನಾನೂ ಅಕ್ಷತೆ ಎರಚಿದೆ, ಒಂದು ಕಾಳು ಆ ಹುಡುಗಿಯ ರೆಪ್ಪೆಯ ಮೇಲೆ ಕೂತಿತು, ಅವಳು ಅದನ್ನು ತೆಗೆಯದೆ ಹಾಗೇ ಕಣ್ಣು ಮುಚ್ಚಿಕೊಂಡಳು.

ಮದುವೆಯಾದವರಿಗೆ ಹಿರಿಯರು ಬರೆಯುವ ಹರಕೆ ಒಂದಿದೆ. ಅದನ್ನು ನಿನಗೆ ನಾನು ಬರೆಯಲಾರೆ. ನಿನ್ನ ಕುರಿಗಳಿಗೆ ಈ ಸಲವಾದರೂ ಬೇಗ ಹಸಿರು ಸಿಗಲಿ. ಗಿರಿಯಮ್ಮನ ಮುಂದಿನ ದಿನಗಳು ಹಿಂದಿನಷ್ಟು ಕೆಟ್ಟವಾಗದಿರಲಿ. ಕ್ಯಾತಮ್ಮ ಎಂದಾದರೂ ಎಲ್ಲ ತಿಳಿದು ನನಗೆ ಶಾಪ ಹಾಕಲು ನಿಂತರೆ, ಅವಳ ಬಾಯಿ ಮುಚ್ಚಿಸಬೇಡ.

ಇಂತಿ,
ನಿನ್ನ ಲಿಂಗ